ಬಡಾವಣೆಯ ಶಟಲ್ ಟೂರ್ನಮೆಂಟ್: 48 ಜನ, ನಾಲ್ಕು ಕೋರ್ಟ್, ಒಂದೇ ಭಾನುವಾರ. ಡ್ರಾ ಹೇಗೆ ಮಾಡೋದು?

ಬಡಾವಣೆ ಕಾರ್ಯದರ್ಶಿ (ಮೈಸೂರು)

ರಾಜ್ಯೋತ್ಸವದ ಲೆಕ್ಕದಲ್ಲಿ ನವೆಂಬರ್‌ನ ಒಂದು ಭಾನುವಾರ ಬಡಾವಣೆ ಸಂಘದಿಂದ ಡಬಲ್ಸ್ ಟೂರ್ನಮೆಂಟ್ ಇಟ್ಟುಕೊಂಡಿದ್ದೇವೆ. ಮ್ಯಾಟ್ ಹಾಕಿರುವ ನಾಲ್ಕು ಒಳಾಂಗಣ ಕೋರ್ಟ್ ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಸಿಕ್ಕಿದೆ. ಹೆಸರು ಕೊಟ್ಟವರು 48 ಜನ. ಜಿಲ್ಲಾ ಮಟ್ಟದಲ್ಲಿ ಆಡಿದವರು ಐದು ಜನ, ದಿನಾ ಬೆಳಿಗ್ಗೆ ಹಾಲ್‌ಗೆ ಹೋಗುವವರು ಇಪ್ಪತ್ತರ ಹತ್ತಿರ. ಉಳಿದವರು ಸಂಜೆ ಮನೆ ಮುಂದೆ ರಸ್ತೆಗೆ ನೆಟ್ ಕಟ್ಟಿ ಆಡುವವರು. ಇವರಲ್ಲದೆ 8 ಮಹಿಳೆಯರು ತಮಗೇ ಒಂದು ಪ್ರತ್ಯೇಕ ವಿಭಾಗ ಬೇಕು ಅಂತಿದ್ದಾರೆ.

ಕಮಿಟಿ ಯೋಚನೆ ಹೀಗಿದೆ: ಎಲ್ಲರಿಗೂ 1ರಿಂದ 48ರವರೆಗೆ ರ‍್ಯಾಂಕ್ ಕೊಟ್ಟು, 1ನೆಯವರಿಗೆ 48ನೆಯವರು, 2ನೆಯವರಿಗೆ 47ನೆಯವರು ಹೀಗೆ ಜೋಡಿ ಮಾಡಿ 24 ಜೋಡಿಯ ನಾಕೌಟ್ ಆಡಿಸೋದು. ಸಮಬಲ ಆಗುತ್ತೆ ಅನ್ನೋದು ವಾದ. ಟೂರ್ನಮೆಂಟ್ ನಡೆಸಿ ಗೊತ್ತಿರುವವರು ಹೇಳಿ, ಇದು ಸರಿಯಾ?

ಡ್ರಾ ಮೇಷ್ಟ್ರು

ಕಾಗದದ ಮೇಲೆ ಸಮ. ಕೋರ್ಟಿನಲ್ಲಿ ಅಲ್ಲ. ಡಬಲ್ಸ್‌ನಲ್ಲಿ ಯಾರಿಗೆ ಹೊಡೆಯಬೇಕು ಅನ್ನೋದು ಎದುರಾಳಿಯ ಕೈಲಿರುತ್ತೆ. 1+48 ಜೋಡಿ ಎದುರು 24+25 ನಿಂತರೆ ಮೂರನೇ ರ‍್ಯಾಲಿ ಹೊತ್ತಿಗೆ ಅವರಿಗೆ ಅರ್ಥವಾಗಿರುತ್ತೆ, ಆಮೇಲೆ ಎಲ್ಲ ಶಟಲ್ 48ನೆಯವರಿಗೇ. 1ನೆಯವರು ಅವರ ಜಾಗಕ್ಕೂ ನುಗ್ಗೋಕೆ ಶುರು ಮಾಡ್ತಾರೆ, ರ‍್ಯಾಕೆಟ್‌ಗೆ ರ‍್ಯಾಕೆಟ್ ತಾಗುತ್ತೆ, ಒಮ್ಮೊಮ್ಮೆ ಹುಬ್ಬಿಗೂ. ಒಂದು ಜೋಡಿಯ ಬಲ ಇಬ್ಬರ ಸರಾಸರಿಗಿಂತ ದುರ್ಬಲ ಆಟಗಾರನ ಮಟ್ಟಕ್ಕೇ ಹತ್ತಿರ ಇರುತ್ತೆ. ಹಾಗಾಗಿ ಮೊತ್ತ 49 ಬಂತು ಅಂತ ಸಮಬಲ ಆಗಲ್ಲ. ನಡುಮಟ್ಟದ ಇಬ್ಬರು ಸೇರಿದ ಜೋಡಿಯೇ ಸಲೀಸಾಗಿ ಕಪ್ ಎತ್ತುತ್ತೆ.

ನಾಕೌಟ್ ಬಗ್ಗೆ: 24 ಜೋಡಿ ಅಂದರೆ 32ರ ಡ್ರಾ, 8 ಬೈ (ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ), ಒಟ್ಟು 23 ಮ್ಯಾಚ್. ಮೊದಲ ಸುತ್ತಿನಲ್ಲೇ 8 ಜೋಡಿ ಮನೆಗೆ. ಅಂದರೆ ಫೀಸು ಕೊಟ್ಟ 16 ಜನ ಹದಿನೈದು ನಿಮಿಷ ಆಡಿ ಒಂಬತ್ತು ಗಂಟೆಗೆ ಸ್ಕೂಟರ್ ಹತ್ತುತ್ತಾರೆ, ಅವರಲ್ಲಿ ಹೆಚ್ಚಿನವರು ಹೊಸಬರೇ. ಮುಂದಿನ ವರ್ಷ ಅವರ ಹೆಸರು ಬರಲ್ಲ. ಕಲಸುಮೇಲೋಗರ ಮಟ್ಟದ ಟೂರ್ನಮೆಂಟಿಗೆ ನನ್ನ ಮಟ್ಟಿಗೆ ಎರಡೇ ನಿಯಮ. ಪ್ರತಿ ಜೋಡಿಗೂ ಕನಿಷ್ಠ ನಾಲ್ಕು ಮ್ಯಾಚ್ ಸಿಗಬೇಕು, ಒಂದೇ ಜೋಡಿಯೊಳಗೆ ಎರಡು ಗ್ರೇಡಿಗಿಂತ ಹೆಚ್ಚು ಅಂತರ ಇರಬಾರದು.

ಹುಬ್ಬಳ್ಳಿ ಬ್ಯಾಕ್‌ಹ್ಯಾಂಡ್

1ರಿಂದ 48ರ ತನಕಾ ರ‍್ಯಾಂಕ್ ಹಾಕೋದು ಅಂದ್ರ ಜಗಳಕ್ಕ ಕರೆ ಕೊಟ್ಟಂಗ. 23ನೇದಾಂವ ಯಾಕ 23, ಯಾಕ 19 ಅಲ್ಲ ಅಂತ ವಾಟ್ಸಾಪ್‌ನ್ಯಾಗ ವಾರಗಟ್ಟಲೆ ನಡೀತೈತಿ. ಐದು ಗ್ರೇಡ್ ಸಾಕ್ರಿ. ಬಿಗಿನರ್, ಇಂಟರ್ಮೀಡಿಯೇಟ್ ಅಂತ ಹೆಸರು ಇಡಬ್ಯಾಡ್ರಿ, ಎಲ್ಲಾರೂ ತಮ್ಮನ್ನ ಇಂಟರ್ಮೀಡಿಯೇಟ್ ಅಂತನ ಬರೀತಾರ. ಕಣ್ಣಿಗೆ ಕಾಣೂ ಕೆಲಸ ಕೇಳ್ರಿ:

ಗ್ರೇಡ್ 1: ಸರ್ವಿಸ್ ಹತ್ತರಾಗ ಆರೇಳು ಒಳಗ ಬೀಳತಾವ, ರ‍್ಯಾಲಿ ನಾಕೈದು ಹೊಡೆತಕ್ಕ ಮುಗೀತೈತಿ.
ಗ್ರೇಡ್ 2: ಓವರ್‌ಹೆಡ್ ಹೊಡೀತಾರ, ಆದ್ರ ಹಿಂದಿನ ಗೆರೆಯಿಂದ ಹೊಡದ್ರ ಅರ್ಧ ಕೋರ್ಟಿಗೆ ಬೀಳತೈತಿ.
ಗ್ರೇಡ್ 3: ಗೆರೆಯಿಂದ ಗೆರೆಗೆ ಕ್ಲಿಯರ್ ಹೋಗತೈತಿ, ಬ್ಯಾಕ್‌ಹ್ಯಾಂಡ್ ಶಾರ್ಟ್ ಸರ್ವ್ ಮಾಡತಾರ, ಡಬಲ್ಸ್ ಸರ್ವಿಸ್ ಪಾಳಿ ಗೊತ್ತೈತಿ.
ಗ್ರೇಡ್ 4: ದಾಳಿ ಮಾಡೂವಾಗ ಹಿಂದಮುಂದ, ಕಾಯೂವಾಗ ಅಕ್ಕಪಕ್ಕ ತಾವ ಜಾಗಾ ಬದಲಿಸತಾರ. ಡ್ರಾಪ್ ಮತ್ತ ಸ್ಮ್ಯಾಶ್ ಒಂದ ತರಾ ಕೈ ಎತ್ತಿ ಹೊಡೀತಾರ.
ಗ್ರೇಡ್ 5: ಜಿಲ್ಲಾ, ಯೂನಿವರ್ಸಿಟಿ ಅಥವಾ ಅದರ ಮ್ಯಾಲಿನ ಟೂರ್ನಮೆಂಟ್ ಆಡಿದವರು, ಎಷ್ಟು ವರ್ಷ ಆಗಿದ್ರೂ ಸರಿ.

ಹಿಂದಿನ ಭಾನುವಾರ ಎರಡು ತಾಸು ಕೋರ್ಟ್ ತಗೊಂಡು ಹೆಸರು ಕೊಟ್ಟವರನ್ನ ಕರೀರಿ. 11 ಪಾಯಿಂಟಿನ ಆಟ, ಮೂರು ಮಂದಿ ನೋಡಿ ಚೀಟಿ ಬರೀಲಿ, ಮೂರರಾಗ ನಡುವಿನ ಅಂಕ ಹಿಡೀರಿ. ಗ್ರೇಡ್ 5ರವರು ಬರೋದು ಬ್ಯಾಡ, ಅವರು ಎಲ್ಲಾರಿಗೂ ಗೊತ್ತ ಅದಾರ. ಬರದವರಿಗೆ ಅವರ ಜೋಡಿ ದಿನಾ ಆಡೋರನ್ನ ಕೇಳಿ ಗ್ರೇಡ್ ಕೊಟ್ಟು, ಅನುಮಾನ ಇದ್ರ ಒಂದು ಮ್ಯಾಲ ಹಾಕ್ರಿ. ಬುಧವಾರ ಪಟ್ಟಿ, ಶುಕ್ರವಾರ ರಾತ್ರಿ 8ರ ತನಕಾ ತಕರಾರು, ಆಮ್ಯಾಲ ಬಾಗಿಲು ಬಂದ್.

ಬಡಾವಣೆ ಕಾರ್ಯದರ್ಶಿ (ಮೈಸೂರು)

ದಿನಾ ಜೊತೆಗೆ ಆಡುವವರನ್ನು ಕೂರಿಸಿಕೊಂಡು ಈ ಪ್ರಶ್ನೆಗಳ ಮೇಲೆ ಅಂದಾಜು ಗ್ರೇಡ್ ಹಾಕಿ ನೋಡಿದೆವು. ಗ್ರೇಡ್ 5: 5 ಜನ, 4: 8, 3: 12, 2: 14, 1: 9. ಸ್ವಲ್ಪ ಆಚೀಚೆ ಆಗಬಹುದು. ಇವರನ್ನು ಹೇಗೆ ಜೋಡಿ ಮಾಡಲಿ?

ಡ್ರಾ ಮೇಷ್ಟ್ರು

ಮೇಲಿನಿಂದ ಕೆಳಕ್ಕೆ ಬನ್ನಿ. ಐದು ಜನ 5ನೇ ಗ್ರೇಡಿನವರಿಗೆ 3ನೇ ಗ್ರೇಡಿನ ಐವರು. ಎಂಟು ಜನ 4ನೆಯವರಿಗೆ 2ನೇ ಗ್ರೇಡಿನ ಎಂಟು. ಉಳಿದ ಏಳು 3ನೆಯವರಿಗೆ 1ನೇ ಗ್ರೇಡಿನ ಏಳು. ಇನ್ನು ಆರು 2ನೆಯವರು, ಇಬ್ಬರು 1ನೆಯವರು ಉಳಿದರು: 2+2 ಎರಡು ಜೋಡಿ, 2+1 ಎರಡು ಜೋಡಿ. ಒಟ್ಟು 24. ಯಾರಿಗೆ ಯಾರು ಅನ್ನೋದನ್ನ ಗ್ರೇಡಿನೊಳಗೆ ಎಲ್ಲರೆದುರು ಚೀಟಿ ಎತ್ತಿ. ಗಂಡ-ಹೆಂಡತಿ, ಅಪ್ಪ-ಮಗ ಒಟ್ಟಿಗೆ ಆಡಬೇಕು ಅಂದರೆ ಎರಡು ಗ್ರೇಡ್ ನಿಯಮ ಮೀರದಿದ್ದರೆ ಮಾತ್ರ ಒಪ್ಪಿ.

ಜೋಡಿಗಳ ಮೊತ್ತ 8, 6, 4, 3 ಹೀಗೆ ಬರುತ್ತೆ. ಅಂತರ ಇದ್ದೇ ಇದೆ, ಅದನ್ನ ಮುಚ್ಚಿಡಬೇಡಿ. ಆಡುವ ಇಬ್ಬರಿಗೂ ಶಟಲ್ ಸಿಗುವ ಜೋಡಿ ಮೊದಲು ಆಗಲಿ, ಜೋಡಿ-ಜೋಡಿ ನಡುವಿನ ಅಂತರಕ್ಕೆ ಹ್ಯಾಂಡಿಕ್ಯಾಪ್ (ದುರ್ಬಲ ಜೋಡಿಗೆ ಮುಂಗಡ ಪಾಯಿಂಟ್) ಇದೆ, ಪ್ಲೇಟ್ ಡ್ರಾ (ಗುಂಪಿನಲ್ಲಿ ಹಿಂದೆ ಬಿದ್ದವರಿಗೆ ಬೇರೆ ನಾಕೌಟ್) ಇದೆ.

ಈಗ ವೇಳಾಪಟ್ಟಿ. ನಾಲ್ಕು ಜೋಡಿಯ ಆರು ಗುಂಪು, ಎ ಯಿಂದ ಎಫ್. ಮೊತ್ತ 8 ಇರುವ ಐದು ಜೋಡಿ ಐದು ಗುಂಪಿಗೆ, ಆರನೇ ಗುಂಪಿಗೆ ಮೊತ್ತ 6ರಲ್ಲಿ ಒಳ್ಳೆಯ ಜೋಡಿ. ಗುಂಪಿಗೆ 6 ಮ್ಯಾಚ್, ಒಟ್ಟು 36. ಎಲ್ಲ 21 ಪಾಯಿಂಟಿನ ಒಂದೇ ಗೇಮ್, 20-20 ಆದರೆ ಮುಂದಿನ ಪಾಯಿಂಟಿಗೇ ಮುಗಿಯಿತು. ಈ ಮಟ್ಟದಲ್ಲಿ ಹನ್ನೆರಡು ನಿಮಿಷದ ಆಟ, ಕೋರ್ಟ್ ಬದಲಿಸೋದು ಸೇರಿ 15 ನಿಮಿಷದ ಪಾಳಿ. 36 ಮ್ಯಾಚ್ 4 ಕೋರ್ಟಿನಲ್ಲಿ 9 ಪಾಳಿ, ಅಂದರೆ ಎರಡೂ ಕಾಲು ಗಂಟೆ.

ಎಲ್ಲರೂ ಎಡವೋದು ಇಲ್ಲೇ. ಗುಂಪು ಎ ಪೂರ್ತಿ ಮುಗಿಸಿ ಗುಂಪು ಸಿ ಗೆ ಹೋಗಬೇಡಿ. ಹಾಗೆ ಮಾಡಿದರೆ ಒಂದು ಜೋಡಿ ಬಿಡುವಿಲ್ಲದೆ ಮೂರು ಮ್ಯಾಚ್ ಆಡುತ್ತೆ, ಐವತ್ತು ದಾಟಿದವರಿಗೆ ಮೂರನೆಯದರಲ್ಲಿ ಮೀನಖಂಡ ಹಿಡಿಯುತ್ತೆ. ಸುತ್ತಿನ ಲೆಕ್ಕದಲ್ಲಿ ಹೋಗಿ. ಮೊದಲ ಪಾಳಿಯಲ್ಲಿ ಎ, ಬಿ ಆಡಲಿ, ಎರಡನೇದರಲ್ಲಿ ಸಿ, ಡಿ, ಮೂರನೇದರಲ್ಲಿ ಇ, ಎಫ್. ನಾಲ್ಕನೇ ಪಾಳಿಗೆ ಮತ್ತೆ ಎ, ಬಿ. ಪ್ರತಿ ಜೋಡಿಗೂ ಆಟದ ನಡುವೆ ಅರ್ಧ ಗಂಟೆ. ಆ ಅರ್ಧ ಗಂಟೆಯಲ್ಲಿ ಮೊದಲ ಕಾಲು ಗಂಟೆ ಅಂಪೈರಿಂಗ್, ಎರಡನೆಯದು ವಿಶ್ರಾಂತಿ. ಆಡಿ ಮುಗಿಸಿದ 8 ಜೋಡಿ ಮುಂದಿನ ಪಾಳಿಯ 4 ಕೋರ್ಟಿಗೆ ನಿಂತರೆ ಕೋರ್ಟಿಗೆ ನಾಲ್ವರು: ಒಬ್ಬರು ಅಂಪೈರ್, ಒಬ್ಬರು ಸ್ಕೋರ್ ಶೀಟ್, ಇಬ್ಬರು ಲೈನಿಗೆ. ಮೊದಲ ಪಾಳಿಗೆ ಮಾತ್ರ ಇ, ಎಫ್ ನವರು ನಿಲ್ಲಲಿ. ಹೊರಗಿನಿಂದ ಅಂಪೈರ್ ಕರೆಸುವ ಖರ್ಚೇ ಇಲ್ಲ.

ಇನ್ನೊಂದು ಸಣ್ಣ ಉಪಾಯ: ಹಾಲ್‌ಗೆ ಹತ್ತಿರದ ಮನೆಯವರನ್ನು ಎ, ಬಿ ಗೆ ಹಾಕಿ. ಎಂಟೂವರೆಯ ಪಾಳಿ ಎಂಟೂವರೆಗೇ ಶುರುವಾದರೆ ಇಡೀ ದಿನ ಉಳಿಯುತ್ತೆ.

ಸ್ಕೋರ್‌ಶೀಟ್

ಗುಂಪು ಮುಗಿದ ಮೇಲೆ ಏನು ಅಂತ ಮೇಷ್ಟ್ರು ಬಿಟ್ಟಿದ್ದಾರೆ. ಮೊದಲ ಎರಡು ಸ್ಥಾನದ 12 ಜೋಡಿ ಕಪ್‌ಗೆ, ಕೊನೆಯ ಎರಡು ಸ್ಥಾನದ 12 ಜೋಡಿ ಪ್ಲೇಟ್‌ಗೆ. ಎರಡೂ ನಾಕೌಟ್, ತಲಾ 11 ಮ್ಯಾಚ್, ತಲಾ 4 ಬೈ. ಕಪ್‌ನಲ್ಲಿ ಆರು ಗುಂಪು ವಿಜೇತರಲ್ಲಿ ಪಾಯಿಂಟ್ ಅಂತರ ಹೆಚ್ಚಿರುವ ನಾಲ್ವರಿಗೆ ಬೈ. ಒಂದೇ ಗುಂಪಿನ ಎರಡು ಜೋಡಿ ಡ್ರಾದ ಬೇರೆ ಬೇರೆ ಅರ್ಧಕ್ಕೆ ಹೋಗಲಿ. ಹೀಗೆ ಮಾಡಿದರೆ ತೀರಾ ಸೋತವರಿಗೂ ನಾಲ್ಕು ಮ್ಯಾಚ್ ಗ್ಯಾರಂಟಿ.

ಟೈ ನಿಯಮ ಮೊದಲೇ ಅಚ್ಚು ಹಾಕಿ ಗೋಡೆಗೆ ಅಂಟಿಸಿ. ಎರಡು ಜೋಡಿ ಸಮ ಗೆಲುವಾದರೆ ಅವರಿಬ್ಬರ ನಡುವಿನ ಮ್ಯಾಚ್ ಗೆದ್ದವರು ಮೇಲೆ. ಮೂರು ಜೋಡಿ ಸಮವಾದರೆ ಮೊದಲು ಗೇಮ್ ಅಂತರ, ಆಮೇಲೆ ಪಾಯಿಂಟ್ ಅಂತರ. ನಿಮ್ಮದು ಒಂದೇ ಗೇಮ್ ಆದ್ದರಿಂದ ನೇರ ಪಾಯಿಂಟ್ ಅಂತರಕ್ಕೇ ಹೋಗುತ್ತೆ. ಇದು ಎಷ್ಟು ಸೂಕ್ಷ್ಮ ಅಂದರೆ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮ ಕೊಡಗಿನ ಅಶ್ವಿನಿ ಪೊನ್ನಪ್ಪ ಮತ್ತು ಜ್ವಾಲಾ ಗುಟ್ಟಾ ಜೋಡಿ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡದ್ದು ಇಂಥದ್ದೇ ಮೂರು ಜೋಡಿಯ ಟೈನಲ್ಲಿ, ಒಂದೇ ಒಂದು ಪಾಯಿಂಟಿಗೆ. ಹಾಗಾಗಿ 21-6 ಅಂತ ಸೋಲುತ್ತಿರುವ ಜೋಡಿಗೂ ಹೇಳಿ, ಪ್ರತಿ ಪಾಯಿಂಟಿಗೂ ಬೆಲೆ ಇದೆ ಅಂತ.

ಅದೇ ಒಲಿಂಪಿಕ್ಸ್‌ನಲ್ಲಿ ಮಹಿಳಾ ಡಬಲ್ಸ್‌ನ ನಾಲ್ಕು ಜೋಡಿಗಳನ್ನು ಹೊರಹಾಕಿದರಲ್ಲ, ಮುಂದೆ ಸುಲಭ ಎದುರಾಳಿ ಸಿಗಲಿ ಅಂತ ಬೇಕಂತಲೇ ಸೋತದ್ದಕ್ಕೆ. ಗುಂಪು ಪ್ಲಸ್ ನಾಕೌಟ್ ಮಾದರಿಯ ಹಳೇ ಕಾಯಿಲೆ ಅದು. ಬಡಾವಣೆಯಲ್ಲಿ ಅದರ ರೂಪ ಬೇರೆ: ಕಪ್‌ನಲ್ಲಿ ಏಟು ತಿನ್ನೋದಕ್ಕಿಂತ ಪ್ಲೇಟ್ ಗೆಲ್ಲೋಣ ಅಂತ ಮೂರನೇ ಮ್ಯಾಚ್ ಬಿಟ್ಟುಕೊಡ್ತಾರೆ. ಎರಡು ತಡೆ ಇಡಿ. ಪ್ಲೇಟ್ ಬಹುಮಾನ ಕಪ್ ಸೆಮಿಫೈನಲ್ ಬಹುಮಾನಕ್ಕಿಂತ ಚಿಕ್ಕದಿರಲಿ. ಮೊತ್ತ 8ರ ಜೋಡಿ ಪ್ಲೇಟ್‌ಗೆ ಇಳಿಯುವ ಹಾಗಿಲ್ಲ ಅಂತ ಬರೆಯಿರಿ, ಗುಂಪಿನಲ್ಲಿ ಮೂರನೆಯವರಾದರೆ ಅವರ ದಿನ ಅಲ್ಲಿಗೆ ಮುಗಿಯಿತು, ಪ್ಲೇಟ್‌ನಲ್ಲಿ ಇನ್ನೊಂದು ಬೈ ಹೆಚ್ಚುತ್ತೆ ಅಷ್ಟೆ. ಮೇಷ್ಟ್ರ ನಾಲ್ಕು ಮ್ಯಾಚಿನ ನಿಯಮಕ್ಕೆ ಇದೊಂದೇ ವಿನಾಯಿತಿ.

ಮಧ್ಯದಲ್ಲಿ ಗಾಯವಾಗಿ ಅಥವಾ ಫೋನ್ ಬಂತು ಅಂತ ಹೊರಟ ಜೋಡಿಯ ಅದುವರೆಗಿನ ಎಲ್ಲ ಫಲಿತಾಂಶವನ್ನೂ ಅಳಿಸಿ. ಉಳಿದ ಎದುರಾಳಿಗಳಿಗೆ 21-0 ಅಂತ ವಾಕೋವರ್ (ಆಡದೆಯೇ ಗೆಲುವು) ಕೊಟ್ಟರೆ ಅವರ ಜೊತೆ ಮೊದಲೇ ಕಷ್ಟಪಟ್ಟು 21-18 ಗೆದ್ದವರಿಗೆ ಪಾಯಿಂಟ್ ಅಂತರದಲ್ಲಿ ಅನ್ಯಾಯ.

ನೆಟ್ ಕಾರ್ಡ್

ಹ್ಯಾಂಡಿಕ್ಯಾಪ್ ಎಷ್ಟು ಕೊಡಬೇಕು ಅನ್ನೋದು ಊಹೆಯ ಮಾತಲ್ಲ, ಲೆಕ್ಕ ಇದೆ. ಬಲವಾದ ಜೋಡಿ ಹತ್ತು ರ‍್ಯಾಲಿಯಲ್ಲಿ ಆರು ಗೆಲ್ಲುತ್ತೆ ಅಂದುಕೊಳ್ಳಿ. ಸಾಮಾನ್ಯವಾಗಿ ಸ್ಕೋರ್ 21-14ರ ಸುತ್ತ ಬರುತ್ತೆ, ಹತ್ತು ಗೇಮಿನಲ್ಲಿ ಒಂಬತ್ತು ಅವರದೇ. ಎದುರು ಜೋಡಿಗೆ 7 ಪಾಯಿಂಟ್ ಮುಂಗಡ ಕೊಟ್ಟರೆ ಸರಿಸುಮಾರು ಅರ್ಧರ್ಧ. 5 ಕೊಟ್ಟರೆ ಹತ್ತರಲ್ಲಿ ಆರೇಳು ಬಲಿಷ್ಠರಿಗೆ. ನನ್ನ ಮತ 5ಕ್ಕೆ. ಚೆನ್ನಾಗಿ ಆಡುವವರು ಹೆಚ್ಚು ಸಲ ಗೆಲ್ಲಬೇಕು, ಆದರೆ ಬೆವರಿ ಗೆಲ್ಲಬೇಕು. ಪೂರ್ತಿ ಅಂತರ ಕೊಟ್ಟುಬಿಟ್ಟರೆ ಟಾಸ್ ಹಾಕಿದ ಹಾಗಾಗುತ್ತೆ.

ನಿಮ್ಮ ಗ್ರೇಡಿಗೆ ಹೊಂದಿಸಿದರೆ: ಮೊತ್ತದ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿ, ಕೊನೆಗೆ ಅರ್ಧ ಪಾಯಿಂಟ್ ಬಂದರೆ ಅದನ್ನು ಬಿಟ್ಟುಬಿಡಿ. ವ್ಯತ್ಯಾಸ 1ಕ್ಕೆ 1 ಪಾಯಿಂಟ್, 2ಕ್ಕೆ 3, 3ಕ್ಕೆ 4, 4ಕ್ಕೆ 6, 5ಕ್ಕೆ 7. ಅದಕ್ಕಿಂತ ಮೇಲೆ ಬೇಡ. ಬಲವಾದವರನ್ನು ಮೈನಸ್ 5ರಿಂದ ಶುರು ಮಾಡಿಸುವ ಪದ್ಧತಿಯೂ ಇದೆ, ಆದರೆ ಹವ್ಯಾಸಿ ಅಂಪೈರ್ ಮೈನಸ್ಸಿನಲ್ಲಿ ತಪ್ಪೋದು ಖಚಿತ.

ಎಲ್ಲರೂ ಮರೆಯುವ ಒಂದು ವಿಷಯ. ಡಬಲ್ಸ್‌ನಲ್ಲಿ ಸರ್ವ್ ಮಾಡುವ ಬದಿ ಸ್ಕೋರಿನ ಮೇಲೆ ನಿಂತಿದೆ: ಸಮ ಸಂಖ್ಯೆಗೆ ಬಲ, ಬೆಸಕ್ಕೆ ಎಡ. 3-0ಯಿಂದ ಶುರುವಾದಾಗ ಮುಂಗಡ ಪಡೆದ ಜೋಡಿ ಮೊದಲು ಸರ್ವ್ ಮಾಡಿದರೆ ಎಡದಿಂದ ಮಾಡಬೇಕು. ಇದನ್ನ ಶೀಟಿನ ಮೇಲೆ ಬರೆದಿಡದಿದ್ದರೆ ಮೊದಲ ಸರ್ವಿಸ್‌ಗೇ ಗಲಾಟೆ. ಬದಿ ತಪ್ಪಿದ್ದು ನಡುವೆ ಗೊತ್ತಾದರೆ ಬದಿ ಸರಿಪಡಿಸಿ ಮುಂದುವರಿಯೋದು, ಆಗಿರುವ ಸ್ಕೋರ್ ಹಾಗೇ ಇರುತ್ತೆ. ಗುಂಪಿನ ಪಾಯಿಂಟ್ ಅಂತರಕ್ಕೆ ಬೋರ್ಡ್ ಮೇಲಿನ ಸ್ಕೋರನ್ನೇ, ಮುಂಗಡವೂ ಸೇರಿ, ಹಿಡಿಯಿರಿ.

ಕೋರ್ಟ್ 3

ಹ್ಯಾಂಡಿಕ್ಯಾಪ್‌ಗೆ ನನ್ನ ವಿರೋಧ ಇದೆ. 7 ಮುಂಗಡ ಇರುವ ಜೋಡಿ ಏನೂ ಮಾಡದೆ ಎದುರಾಳಿಯ ತಪ್ಪಿಗೆ ಕಾಯುತ್ತೆ. ಸೋತ ಒಳ್ಳೆ ಆಟಗಾರರು ಗ್ರೇಡಿಂಗ್ ಮೇಲೆ ಹರಿಹಾಯ್ತಾರೆ. ಅದಕ್ಕಿಂತ ಎ ವಿಭಾಗ, ಬಿ ವಿಭಾಗ ಅಂತ ಎರಡೇ ಟೂರ್ನಮೆಂಟ್ ಮಾಡಿದರೆ ಆಗಲ್ಲವಾ?

ನೆಟ್ ಕಾರ್ಡ್

ಮಾಡಬಹುದು, 13 ಜನ ಒಂದು ಕಡೆ, 35 ಜನ ಇನ್ನೊಂದು ಕಡೆ. ಬೆಸ ಸಂಖ್ಯೆ ಬಿಡಿ, ಆ 13 ಜನ ದಿನಾ ತಮ್ಮತಮ್ಮಲ್ಲೇ ಆಡುವವರೇ ಅಲ್ಲವೇ? ಬಡಾವಣೆ ಟೂರ್ನಮೆಂಟಿನಲ್ಲೂ ಅವರೇ ಎದುರುಬದುರಾಗೋದಾದರೆ ಸಂಘ ಯಾಕೆ ಬೇಕು. ಆದರೂ ನಿಮ್ಮ ಮಾತಿನಲ್ಲಿ ಒಂದು ನ್ಯಾಯ ಇದೆ. ಗುಂಪು ಮತ್ತು ಪ್ಲೇಟ್‌ಗೆ ಹ್ಯಾಂಡಿಕ್ಯಾಪ್ ಇರಲಿ. ಕಪ್ ನಾಕೌಟ್ ಸೊನ್ನೆಯಿಂದ, ಮೂರರಲ್ಲಿ ಎರಡು ಗೇಮ್, 15 ಪಾಯಿಂಟ್, 14-14 ಆದರೆ ಎರಡು ಪಾಯಿಂಟ್ ಮುನ್ನಡೆ, 21ಕ್ಕೆ ಮಿತಿ. ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ (ಬಿಡಬ್ಲ್ಯೂಎಫ್) 2025ರಲ್ಲಿ ಪರೀಕ್ಷೆಗೆ ಇಟ್ಟ ಮಾದರಿಯೂ ಇದೇ. ಅರ್ಧ ಗಂಟೆಯಲ್ಲಿ ಮುಗಿಯುತ್ತೆ. ಫೈನಲ್ ಮಾತ್ರ 21ರ ಮೂರು ಗೇಮ್.

ಕೋರ್ಟ್ 3

ಕಪ್‌ಗೆ ಇಲ್ಲ ಅಂದರೆ ಒಪ್ಪಿದೆ. ಇನ್ನೊಂದು ಸೇರಿಸಿ: ಗ್ರೇಡ್ ಸುಳ್ಳು ಹೇಳಿ ಬಂದವರು ಮೊದಲ ಮ್ಯಾಚಿನಲ್ಲಿ ಸಿಕ್ಕಿಬಿದ್ದರೆ ಎರಡನೇ ಸುತ್ತಿನಿಂದ ಅವರ ಗ್ರೇಡ್ ಏರಿಸುವ ಹಕ್ಕು ಕಮಿಟಿಗೆ ಇದೆ ಅಂತ. ಆಗಿಹೋದ ಫಲಿತಾಂಶ ಮುಟ್ಟಬಾರದು, ಮುಂದಿನ ಮುಂಗಡ ಮಾತ್ರ ಬದಲಾಗಬೇಕು.

ಬಡಾವಣೆ ಕಾರ್ಯದರ್ಶಿ (ಮೈಸೂರು)

ಮಹಿಳೆಯರ ವಿಭಾಗ? 8 ಜನರಲ್ಲಿ ಇಬ್ಬರು ಚೆನ್ನಾಗಿ ಆಡ್ತಾರೆ, ಇಬ್ಬರು ಇತ್ತೀಚೆಗೆ ರ‍್ಯಾಕೆಟ್ ಹಿಡಿದವರು. ನಾಲ್ಕು ಜೋಡಿ ಮಾಡಿದರೆ ಬೇಗ ಮುಗಿದುಹೋಗುತ್ತೆ.

ಡ್ರಾ ಮೇಷ್ಟ್ರು

ಎಂಟು ಜನ ಅಂದರೆ ಚಿನ್ನದಂಥ ಸಂಖ್ಯೆ. ಖಾಯಂ ಜೋಡಿ ಬೇಡ. ಏಳು ಸುತ್ತು ಆಡಿಸಿ. ಪ್ರತಿಯೊಬ್ಬರೂ ಉಳಿದ ಏಳೂ ಜನರ ಜೊತೆ ಒಂದೊಂದು ಸಲ ಜೋಡಿ, ಪ್ರತಿಯೊಬ್ಬರ ಎದುರು ಎರಡೆರಡು ಸಲ. ಎರಡು ಕೋರ್ಟ್ ಸಾಕು. ಚೀಟಿ ಎತ್ತಿ 1ರಿಂದ 8 ನಂಬರ್ ಕೊಡಿ:

ಸುತ್ತು 1: 8-1 ಎದುರು 5-6, 2-4 ಎದುರು 3-7
ಸುತ್ತು 2: 8-2 ಎದುರು 6-7, 3-5 ಎದುರು 4-1
ಸುತ್ತು 3: 8-3 ಎದುರು 7-1, 4-6 ಎದುರು 5-2
ಸುತ್ತು 4: 8-4 ಎದುರು 1-2, 5-7 ಎದುರು 6-3
ಸುತ್ತು 5: 8-5 ಎದುರು 2-3, 6-1 ಎದುರು 7-4
ಸುತ್ತು 6: 8-6 ಎದುರು 3-4, 7-2 ಎದುರು 1-5
ಸುತ್ತು 7: 8-7 ಎದುರು 4-5, 1-3 ಎದುರು 2-6

8ನೆಯವರು ಕದಲದೆ ಉಳಿದ ನಂಬರ್ ಒಂದೊಂದೇ ಮುಂದಕ್ಕೆ ಹೋಗೋದು, 7 ಆದ ಮೇಲೆ 1. ಹಾಳೆ ಕಳೆದರೂ ಮೊದಲ ಸಾಲು ನೆನಪಿದ್ದರೆ ಪೂರ್ತಿ ಬರೆಯಬಹುದು. 15 ಪಾಯಿಂಟಿಗೆ ನಿಲ್ಲಿಸಿ, 14-14 ಆದರೂ 15ಕ್ಕೇ. ತಮ್ಮ ಜೋಡಿ ಗಳಿಸಿದ ಪಾಯಿಂಟ್ ಅಷ್ಟೂ ವ್ಯಕ್ತಿಯ ಖಾತೆಗೆ. 15-9 ಅಂದರೆ ಗೆದ್ದ ಇಬ್ಬರಿಗೂ ತಲಾ 15, ಸೋತವರಿಗೆ ತಲಾ 9. ಏಳು ಸುತ್ತಿನ ಮೊತ್ತ ಹೆಚ್ಚಿರುವವರು ಗೆದ್ದರು. ಹೊಸಬರ ಜೊತೆ ಜೋಡಿ ಆಗುವ ಕಷ್ಟ ಎಲ್ಲರಿಗೂ ಒಂದೇ ಸಮ ಬರುತ್ತೆ, ಹ್ಯಾಂಡಿಕ್ಯಾಪ್ ಬೇಡವೇ ಬೇಡ. ಹತ್ತು ನಿಮಿಷದ ಏಳು ಸುತ್ತು, ಒಂದೂ ಕಾಲು ಗಂಟೆ ಇಟ್ಟುಕೊಳ್ಳಿ.

ದಯವಿಟ್ಟು ಇದನ್ನ ಗಂಡಸರು ಊಟಕ್ಕೆ ಹೋದಾಗ ಖಾಲಿ ಹಾಲಿನಲ್ಲಿ ಆಡಿಸಬೇಡಿ. ಅರ್ಧ ಗಂಟೆ ತಡವಾದರೂ ಗುಂಪು ಹಂತ ಹನ್ನೊಂದೂ ಕಾಲಿಗೆ ಮುಗಿಯುತ್ತೆ, ಎರಡು ಕೋರ್ಟಿನಲ್ಲಿ ಪ್ಲೇಟ್, ಎರಡರಲ್ಲಿ ಇದು. ಹಾಗಂತ ಒಬ್ಬರು ಎರಡೂ ವಿಭಾಗಕ್ಕೆ ಹೆಸರು ಕೊಡುವ ಹಾಗಿಲ್ಲ, ಪ್ಲೇಟ್ ಜೊತೆ ಡಿಕ್ಕಿ ಹೊಡೆಯುತ್ತೆ.

ಕರಾವಳಿ ಶಟ್ಲರ್

ಎಲ್ಲ ಆಯಿತು, ಶಟಲ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ ಮಾರಾಯ್ರೆ. ಅರ್ಧ ಜಗಳ ಅದರಲ್ಲೇ ಉಂಟು.

ಗುಂಪು, ಪ್ಲೇಟ್, ಮಹಿಳೆಯರ ವಿಭಾಗಕ್ಕೆ ನೈಲಾನ್ ಸಾಕು. ಯೋನೆಕ್ಸ್ ಮೇವಿಸ್ 350ರಲ್ಲಿ ಹಸಿರು ಪಟ್ಟಿ ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ನಮ್ಮ ಸೆಕೆಗೆ, ನಿಮ್ಮ ಮೈಸೂರಿಗೂ, ಹಸಿರೇ ಸರಿ. ನೀಲಿ ತಂದರೆ ಗ್ರೇಡ್ 3ರವರ ಕ್ಲಿಯರ್ ಎಲ್ಲ ಹೊರಗೆ ಹೋಗ್ತದೆ. 47 ಮ್ಯಾಚ್ ಮತ್ತು 14 ಸಣ್ಣ ಗೇಮಿಗೆ ಎರಡು ಮ್ಯಾಚಿಗೊಂದು ಲೆಕ್ಕ ಹಿಡಿದರೆ ಸುಮಾರು 30, ಅಂದರೆ ಆರರ ಐದು ಡಬ್ಬಿ. ಕಪ್‌ಗೆ ಗರಿ ಶಟಲ್. ಹೊಡೆತ ಜೋರಿರುವ ಡಬಲ್ಸ್‌ನಲ್ಲಿ ಮ್ಯಾಚಿಗೆ ಮೂರ್ನಾಲ್ಕು ಹೋಗ್ತದೆ. 11 ಮ್ಯಾಚಿಗೆ ಹನ್ನೆರಡರ ನಾಲ್ಕು ಡಬ್ಬಿ ತನ್ನಿ. ನೈಲಾನ್‌ನಿಂದ ಗರಿಗೆ ಹೋಗುವಾಗ ಕೈ ಹೊಂದುದಿಲ್ಲ, ಅದಕ್ಕೆ ಕಪ್ ಮೊದಲ ಸುತ್ತಿಗೆ ಐದು ನಿಮಿಷ ನಾಕಿಂಗ್ (ಆಟಕ್ಕೆ ಮೊದಲು ಕೈ ಕುದುರಿಸುವ ಹೊಡೆತ) ಕೊಡಿ.

ಗರಿ ಶಟಲ್‌ನ ವೇಗದ ನಂಬರ್ ಡಬ್ಬಿ ಮೇಲೆಯೇ ಇರ್ತದೆ, 76, 77, 78 ಹೀಗೆ. ನಂಬರ್ ಹೆಚ್ಚಿದಷ್ಟೂ ದೂರ ಹಾರ್ತದೆ. ಎತ್ತರದ ಊರಲ್ಲಿ ಗಾಳಿ ತೆಳು, ಶಟಲ್ ಮುಂದಕ್ಕೆ ಓಡ್ತದೆ. ಮೈಸೂರು ಸಮುದ್ರಮಟ್ಟದಿಂದ 760 ಮೀಟರ್ ಹತ್ತಿರ, ಬೆಂಗಳೂರು 900ರ ಮೇಲೆ, ಆದ್ದರಿಂದ 76 ಕೇಳಿ. ಡಬ್ಬಿ ಒಡೆದ ಕೂಡಲೇ ಪರೀಕ್ಷೆ ಮಾಡಿ: ಹಿಂದಿನ ಗೆರೆ ಮೇಲೆ ನಿಂತು ಅಂಡರ್‌ಹ್ಯಾಂಡ್ ಪೂರ್ತಿ ಬಲದಲ್ಲಿ, ಸೈಡ್ ಲೈನಿಗೆ ಸಮಾನಾಂತರವಾಗಿ ಮೇಲಕ್ಕೆ ಹೊಡೆಯಿರಿ. ಆಚೆ ಹಿಂದಿನ ಗೆರೆಗಿಂತ 53ರಿಂದ 99 ಸೆಂಟಿಮೀಟರ್ ಒಳಗೆ ಬೀಳಬೇಕು. ಅಳತೆ ಟೇಪ್ ಬೇಡ, ಡಬಲ್ಸ್‌ನ ಉದ್ದ ಸರ್ವಿಸ್ ಗೆರೆ ಹಿಂದಿನ ಗೆರೆಯಿಂದ 76 ಸೆಂಟಿಮೀಟರ್, ಸರಿಯಾಗಿ ನಡುವೆ. ಆ ಗೆರೆಯ ಹಿಂದೆ ಮುಂದೆ ಒಂದು ಗೇಣಿನೊಳಗೆ ಬಿದ್ದರೆ ಶಟಲ್ ಒಳ್ಳೆಯದು. ಹೊಡೆಯುವವರು ಗ್ರೇಡ್ 4ರ ಮೇಲಿನವರಾಗಲಿ, ಇಲ್ಲದಿದ್ದರೆ ಪರೀಕ್ಷೆ ಆಗುವುದು ಅವರ ಕೈಗೆ, ಶಟಲ್‌ಗೆ ಅಲ್ಲ.

ಹುಬ್ಬಳ್ಳಿ ಬ್ಯಾಕ್‌ಹ್ಯಾಂಡ್

ಒಣ ಹವಾದ ಊರಿನವರಿಗೆ ಒಂದು ಮಾತು. ಗರಿ ಒಣಗಿದ್ರ ಎರಡ ಸ್ಮ್ಯಾಶಿಗೆ ಮುರೀತಾವ. ಹಿಂದಿನ ರಾತ್ರಿ ಕುದಿಯೂ ನೀರಿನ ಉಗಿಗೆ ಡಬ್ಬಿಯ ಗರಿ ಕಡೆ ಬಾಯಿ ಎಂಟ್ಹತ್ತು ಸೆಕೆಂಡ್ ಹಿಡದು ಮುಚ್ಚಳ ಹಾಕಿಡ್ರಿ. ಕಾರ್ಕ್ ಕಡೆ ಉಗಿ ಹೋಗಬಾರದು, ಅಂಟು ಬಿಡತೈತಿ. ಕರಾವಳಿಯವರಿಗೆ ಈ ಉಸಾಬರಿ ಇಲ್ಲ.

ಸರ್ವಿಸ್ ಜಡ್ಜ್

ಅಂಪೈರ್‌ಗಳು ಆಟಗಾರರೇ ಆದ್ದರಿಂದ ನಿಯಮದ ಹಾಳೆ ಒಂದೇ ಪುಟ ಇರಲಿ. ಜಗಳ ಬರುವ ಜಾಗ ನಾಲ್ಕೇ.

ಸರ್ವಿಸ್ ಎತ್ತರ. ಈಗಿನ ನಿಯಮದಲ್ಲಿ ನೆಲದಿಂದ 1.15 ಮೀಟರ್ ಕೆಳಗೆ ಶಟಲ್ ಹೊಡೆಯಬೇಕು. ನೆಟ್ ಕಂಬ 1.55 ಮೀಟರ್. ಕಂಬದ ತುದಿಯಿಂದ 40 ಸೆಂಟಿಮೀಟರ್ ಕೆಳಗೆ ಬಣ್ಣದ ಟೇಪ್ ಸುತ್ತಿ, ಅಂಪೈರ್‌ಗೆ ಕಣ್ಣಳತೆ ಸಿಗುತ್ತೆ. ಗ್ರೇಡ್ 1, 2ರವರಿಗೆ ಮೊದಲ ಸಲ ಎಚ್ಚರಿಕೆ, ಫಾಲ್ಟ್ ಬೇಡ. ಶಟಲ್ ತಿರುಗಿಸಿ ಬಿಡುವ ಸ್ಪಿನ್ ಸರ್ವ್ ಅನ್ನು ಬಿಡಬ್ಲ್ಯೂಎಫ್ 2023ರಲ್ಲೇ ತಡೆದಿದೆ, ಯಾವ ಗ್ರೇಡಿಗೂ ಬೇಡ.

ಲೈನ್. ಗೆರೆಗೆ ತಾಗಿದರೂ ಒಳಗೆ. ಲೈನಿನಲ್ಲಿ ನಿಂತವರು ಹೇಳಿದ್ದು ಅಂತಿಮ, ಅವರಿಗೂ ಕಾಣಲಿಲ್ಲ ಅಂದರೆ ಲೆಟ್ (ಆ ರ‍್ಯಾಲಿ ಮತ್ತೆ ಆಡೋದು). ಗೋಡೆಗೆ ಒರಗಿ ನೋಡುವವರ ತೀರ್ಪು ಲೆಕ್ಕಕ್ಕಿಲ್ಲ.

ಮೇಲ್ಛಾವಣಿ. ಮೂಲ ನಿಯಮದಲ್ಲಿ ಸೂರಿಗೆ ತಾಗಿದರೆ ಫಾಲ್ಟ್, ಆದರೆ ಕಟ್ಟಡಕ್ಕೆ ತಕ್ಕಂತೆ ಸ್ಥಳೀಯ ನಿಯಮ ಮಾಡಲು ಅವಕಾಶ ಇದೆ. ಒಂಬತ್ತು ಮೀಟರ್ ಎತ್ತರ ಇದ್ದರೆ ಯೋಚನೆ ಇಲ್ಲ. ಅಡ್ಡ ತೊಲೆ, ದೀಪದ ಸರಿಗೆ ಇದ್ದರೆ ರ‍್ಯಾಲಿಯಲ್ಲಿ ತಾಗಿದ್ದಕ್ಕೆ ಲೆಟ್, ಸರ್ವಿಸ್‌ನಲ್ಲಿ ತಾಗಿದರೆ ಫಾಲ್ಟ್ ಅಂತ ಬೆಳಿಗ್ಗೆಯೇ ಮೈಕಿನಲ್ಲಿ ಹೇಳಿ. ಕಲ್ಯಾಣ ಮಂಟಪದಲ್ಲಿ ಟೂರ್ನಮೆಂಟ್ ಮಾಡುವವರಿಗೆ ಇದು ಇನ್ನೂ ಮುಖ್ಯ. ಹಾಗಂತ ಮಂಟಪವನ್ನ ಹೀಗಳೆಯಬೇಡಿ, ಪ್ರಕಾಶ್ ಪಡುಕೋಣೆ ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲೇ.

ತಡ. ಮೂರು ಕರೆ, ಐದು ನಿಮಿಷ, ಆಮೇಲೆ ವಾಕೋವರ್. ಹತ್ತು ನಿಮಿಷ ಕಾದರೆ 15 ನಿಮಿಷದ ಪಾಳಿಯೇ ಹೋಯಿತು. ಅಧ್ಯಕ್ಷರ ತಮ್ಮನಾದರೂ ಅಷ್ಟೆ. ಮೊದಲ ವಾಕೋವರ್ ಗಟ್ಟಿಯಾಗಿ ಕೊಟ್ಟರೆ ಎರಡನೆಯದು ಕೊಡುವ ಪ್ರಮೇಯ ಬರಲ್ಲ.

ಐಸ್ ಬಾಕ್ಸ್

ಆಟದ ಹೊರಗಿನದು. ನಾನ್-ಮಾರ್ಕಿಂಗ್ ಶೂ ಇಲ್ಲದವರನ್ನು ಹಾಲ್ ಮಾಲೀಕರು ಒಳಗೆ ಬಿಡಲ್ಲ, ಜಾಗಿಂಗ್ ಶೂನಲ್ಲಿ ಆಡಿದರೆ ಪಾದ ಹೊರಳೋದೂ ಹೆಚ್ಚು. ಆಹ್ವಾನದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ. 56 ಜನಕ್ಕೆ ತಲಾ 3 ಲೀಟರ್ ಅಂದರೆ 20 ಲೀಟರಿನ ಒಂಬತ್ತು ಕ್ಯಾನ್. ಓಆರ್‌ಎಸ್ ಪೊಟ್ಟಣ, ಐಸ್, ಕ್ರೇಪ್ ಬ್ಯಾಂಡೇಜ್, ನೆಲ ಒರೆಸಲು ಕೋರ್ಟಿಗೊಂದು ಬಟ್ಟೆ. ಬೆವರು ಬಿದ್ದ ಮ್ಯಾಟ್ ಮೇಲೆ ಜಾರಿದರೆ ಮಂಡಿ ಹೋಗುತ್ತೆ.

ಬೆಳಿಗ್ಗೆ ಉಪ್ಪಿಟ್ಟು, ಬಾಳೆಹಣ್ಣು ಸರಿ. ಮಧ್ಯಾಹ್ನ ಬಿಸಿಬೇಳೆ ಬಾತ್, ಹೋಳಿಗೆ ಹಾಕಿಸಿದರೆ ಕಪ್ ಕ್ವಾರ್ಟರ್ ಫೈನಲ್‌ನವರು ಕೋರ್ಟಿನಲ್ಲಿ ಆಕಳಿಸ್ತಾರೆ. ಆಡುವವರಿಗೆ ಮೊಸರನ್ನ ಬೇರೆ ಇಡಿ, ಹೋಳಿಗೆ ಬಹುಮಾನದ ಹೊತ್ತಿಗೆ. ಯಾರಿಗಾದರೂ ಎದೆ ಹಿಡಿದಂತಾದರೆ, ಎಡಗೈ ನೋವು ಅಂದರೆ, ಆಟ ನಿಲ್ಲಿಸಿ ನೇರ ಆಸ್ಪತ್ರೆಗೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿಸಿ ಕೂರಿಸೋದು ಬೇಡ. ಒಂದು ಕಾರು, ಡ್ರೈವಿಂಗ್ ಬರುವ ಆಡದ ಒಬ್ಬರು, ಇಡೀ ದಿನ ಅಲ್ಲೇ ಇರಲಿ.

ಬಡಾವಣೆ ಕಾರ್ಯದರ್ಶಿ (ಮೈಸೂರು)

ಎಲ್ಲ ಸೇರಿಸಿ ಹೀಗೆ ಬರೆದುಕೊಂಡಿದ್ದೇನೆ, ತಪ್ಪಿದ್ದರೆ ಹೇಳಿ. 8:00 ಹಾಲ್, ಶಟಲ್ ಪರೀಕ್ಷೆ. 8:30ರಿಂದ 11:15 ಗುಂಪು ಹಂತ. 11:15ರಿಂದ ಎರಡು ಕೋರ್ಟಿನಲ್ಲಿ ಮಹಿಳೆಯರು 12:30ರವರೆಗೆ, ಇನ್ನೆರಡರಲ್ಲಿ ಪ್ಲೇಟ್ ಫೈನಲ್‌ವರೆಗೆ, 1:00ಕ್ಕೆ ಮುಕ್ತಾಯ. 12:30ರಿಂದ 1:30 ಮಹಿಳೆಯರ ಕೋರ್ಟಿನಲ್ಲಿ ಕಪ್ ಮೊದಲ ಸುತ್ತು. ಊಟ. 2:15 ಕ್ವಾರ್ಟರ್, 3:20 ಸೆಮಿ, 4:30 ಫೈನಲ್, 5:20 ಬಹುಮಾನ. ಗುಂಪು ಹಂತ ತಡವಾದರೆ ಏನು ಕತ್ತರಿಸಲಿ?

ಡ್ರಾ ಮೇಷ್ಟ್ರು

ಸರಿ ಇದೆ. ಆರನೇ ಪಾಳಿ ಮುಗಿದಾಗ ಗಡಿಯಾರ ನೋಡಿ, ಹತ್ತು ಗಂಟೆ ಆಗಿರಬೇಕು. 10:20 ದಾಟಿದ್ದರೆ ಪ್ಲೇಟ್ ಮ್ಯಾಚ್‌ಗಳನ್ನು 15 ಪಾಯಿಂಟಿಗೆ ಇಳಿಸಿ, ಮುಂಗಡವನ್ನೂ ಅದೇ ಪ್ರಮಾಣದಲ್ಲಿ: 7 ಇದ್ದದ್ದು 5, 4 ಇದ್ದದ್ದು 3. ಗುಂಪಿನ ಮೂರನೇ ಸುತ್ತನ್ನು ಮಾತ್ರ ಮುಟ್ಟಬೇಡಿ. ಮೊದಲೆರಡು ಸುತ್ತು 21ಕ್ಕೆ ಆಡಿ ಕೊನೆಯದನ್ನ 15ಕ್ಕೆ ಆಡಿಸಿದರೆ ಪಾಯಿಂಟ್ ಅಂತರದ ಲೆಕ್ಕ ಕೆಟ್ಟುಹೋಗುತ್ತೆ.

ಸ್ಕೋರ್‌ಶೀಟ್

ಟ್ರೋಫಿ ಆರ್ಡರ್ ಮಾಡುವಾಗ ಜೋಡಿಗೆ ಎರಡು ಅನ್ನೋದು ಮರೀಬೇಡಿ. ಕಪ್ ವಿಜೇತ, ರನ್ನರ್, ಸೆಮಿಫೈನಲ್‌ನಲ್ಲಿ ಸೋತ ಎರಡು ಜೋಡಿ, ಪ್ಲೇಟ್ ವಿಜೇತ, ರನ್ನರ್: 12. ಮಹಿಳೆಯರಲ್ಲಿ ಮೊದಲ ಮೂವರಿಗೆ 3. ಒಟ್ಟು 15.